ಮೆಟ್ಟಿಲಲ್ಲಿ ನಿಂತ ಹೆಜ್ಜೆ

ಮಾರ್ಚ್ 3, ಸೋಮವಾರ

ಇವತ್ತು ಹದಿನೆಂಟು ಲೆನ್ಸ್ ಉಜ್ಜಿದೆ. ಒಂದನ್ನೂ ಕೆಡಿಸಲಿಲ್ಲ.

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ. ಯಜಮಾನರು ಎರಡು ಸಲ ಒಳಗೆ ಬಂದು, "ಏನಮ್ಮಾ, ಆಗ್ತಿದೆಯಾ? ಬೇಕಿದ್ರೆ ಇನ್ನೊಂದು ವಾರ ರಜೆ ತಗೋ" ಎಂದರು. ಬೇಡ ಎಂದೆ. ಮನೆಯಲ್ಲಿ ಕೂತು ಮಾಡುವುದೇನು? ಇಲ್ಲಾದರೆ ಚಕ್ರ ತಿರುಗುತ್ತದೆ, ಅದರ ಮೇಲೆ ನೀರು ತೊಟ್ಟಿಕ್ಕುತ್ತದೆ, ಲೆನ್ಸಿನ ಅಂಚು ಫ್ರೇಮಿಗೆ ಕೂರುವಷ್ಟು ಸವೆಯುತ್ತದೆ. ಇಪ್ಪತ್ತಾರು ವರ್ಷ ಪಳಗಿದ ಕೈ. ತಲೆ ಬೇಕಾಗಿಲ್ಲ.

ಅಕ್ಕ ಹೋಗಿ ಇವತ್ತಿಗೆ ಐದು ವಾರ. ಹಾರ್ಟ್ ಅಟ್ಯಾಕ್ ಎಂದರು. ಐವತ್ತೇಳು ವರ್ಷ. ಈಜುಕೊಳದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಹಿಂದಿನ ದಿನವೂ ಕೂತಿದ್ದಳು.

ದಿನಗಳು ಒಂದಕ್ಕೊಂದು ಕಲಸಿಹೋಗುತ್ತಿವೆ. ಕಳೆದ ಶುಕ್ರವಾರವನ್ನು ಭಾನುವಾರ ಎಂದುಕೊಂಡು ಹತ್ತು ಗಂಟೆಯವರೆಗೂ ಮಲಗಿದ್ದೆ. ಅಂಗಡಿಯಿಂದ ಫೋನ್ ಬಂತು. ಅದಕ್ಕೇ ಬರೆದಿಡೋಣ ಎಂದು ಈ ಪುಸ್ತಕ ತೆಗೆದಿದ್ದೇನೆ.

ಮನೆಯಲ್ಲಿ ಈಗ ಭಾವ ಮತ್ತು ನಾನು, ಇಬ್ಬರೇ. ಅವರಿಗೆ ಮಕ್ಕಳಿಲ್ಲ, ನಾನು ಮದುವೆಯಾಗಲಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದರೂ ಭಾವನಿಗೂ ನನಗೂ ನೇರ ಮಾತು ಕಡಿಮೆ. ಅವರಿಗೆ ಹೇಳಬೇಕಾದ್ದನ್ನು ನಾನು ಅಕ್ಕನಿಗೆ ಹೇಳುತ್ತಿದ್ದೆ, ನನಗೆ ಹೇಳಬೇಕಾದ್ದನ್ನು ಅವರೂ ಅಕ್ಕನಿಗೇ ಹೇಳುತ್ತಿದ್ದರು. ಭಾವ ಸಿಟಿ ಬಸ್ಸಿನ ಡ್ರೈವರ್. ಈಗ ನಮ್ಮ ಮನೆಯೂ ಕಂಡಕ್ಟರ್ ಇಲ್ಲದ ಬಸ್ಸಾಗಿದೆ.

ಮಾರ್ಚ್ 4, ಮಂಗಳವಾರ

ಹನ್ನೊಂದು ಲೆನ್ಸ್. ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ತಟ್ಟೆ ತೊಳೆದಿದೆ, ಆದ್ದರಿಂದ ಮಾಡಿರಬೇಕು.

ಮಾರ್ಚ್ 7, ಶುಕ್ರವಾರ

ನಮ್ಮದು ಮೂರನೇ ಮಹಡಿ. ಲಿಫ್ಟ್ ಇಲ್ಲ. ಭಾವ ಬೆಳಗ್ಗೆ ಐದೂವರೆಗೆ ಹೋದರೆ ಸಂಜೆ ಏಳಕ್ಕೆ ಬರುತ್ತಾರೆ. ನಡುವೆ ಮಧ್ಯಾಹ್ನ ಮೂರು ತಾಸು ಬಿಡುವು. ಮೊದಲು ಆ ಹೊತ್ತಿಗೆ ಮನೆಗೆ ಬರುತ್ತಿದ್ದರು, ಈಗ ಡಿಪೋದಲ್ಲೇ ಬೆಂಚಿನ ಮೇಲೆ ಒರಗಿ ಕಳೆಯುತ್ತಾರಂತೆ.

ಸಂಜೆ ಅವರು ಮೆಟ್ಟಿಲು ಹತ್ತುವುದು ನನಗೆ ಒಳಗೆ ಕೇಳಿಸುತ್ತದೆ. ಎರಡನೇ ಮಹಡಿಯ ತಿರುವಿಗೆ ಬಂದಾಗ ಹೆಜ್ಜೆ ನಿಲ್ಲುತ್ತದೆ. ಒಂದು ನಿಮಿಷ, ಕೆಲವು ದಿನ ಅದಕ್ಕೂ ಹೆಚ್ಚು. ಆಮೇಲೆ ಮತ್ತೆ ಟಪ್, ಟಪ್. ಬಾಗಿಲು ತೆಗೆದಾಗ ಮುಖ ಬೂದಿ ಬಳಿದ ಹಾಗಿರುತ್ತದೆ.

ಪಾಪ, ಅಕ್ಕನಿಲ್ಲದ ಮನೆಗೆ ಕಾಲಿಡಲು ಮನಸ್ಸಾಗದೆ ಅಲ್ಲಿ ನಿಲ್ಲುತ್ತಾರೆ. ಯಾರೂ ನೋಡದ ಕಡೆ ಅತ್ತು ಬರುತ್ತಾರೋ ಏನೋ. ನಾನು ಎದ್ದು ಹೋಗುವುದಿಲ್ಲ. ಆ ಒಂದು ನಿಮಿಷ ಅವರದು.

ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ನನಗೆ ಇದುವರೆಗೆ ಅಳು ಬಂದಿಲ್ಲ. ಎದೆಯೊಳಗೆ ಹತ್ತಿ ತುರುಕಿದ ಹಾಗೆ ಇದೆ, ಅಷ್ಟೆ.

ಮಾರ್ಚ್ 8, ಶನಿವಾರ

ಅದೇ ದಿನ.

ಮಾರ್ಚ್ 12, ಬುಧವಾರ

ಕೌಂಟರಿನಲ್ಲಿರುವ ಸೋಡಾಬುಡ್ಡಿ ಇವತ್ತು ನನ್ನನ್ನು ನಗಿಸಲು ನೋಡಿದರು. ಅವರ ಕನ್ನಡಕದ ದಪ್ಪಕ್ಕೆ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು, ಅವರೂ ಅದಕ್ಕೇ ಓಗೊಡುತ್ತಾರೆ. ಒಬ್ಬ ಗಿರಾಕಿ ಬಂದು ತನ್ನ ಕನ್ನಡಕ ಕಳೆದಿದೆ, ಇಲ್ಲೇ ಬಿಟ್ಟೆನೇನೋ ಎಂದು ಅಂಗಡಿಯನ್ನೆಲ್ಲ ತಡಕಾಡಿದನಂತೆ. ಕೊನೆಗೆ ಸೋಡಾಬುಡ್ಡಿ, "ಸಾರ್, ಮೂಗಿನ ಮೇಲೆ ಒಂದ್ಸಲ ಹುಡುಕಿ ನೋಡಿ" ಎಂದರಂತೆ. ನಾನು ತುಟಿ ಅಗಲಿಸಿದೆ. ಅವರು ಖುಷಿಯಾಗಿ ಹೋದರು.

ಬರೆಯುವುದಿದ್ದರೆ ಇದನ್ನೂ ಬರೆಯಬೇಕು. ಇಲ್ಲದಿದ್ದರೆ ಈ ಪುಸ್ತಕ ಯಾಕೆ?

ಅಕ್ಕ ಹತ್ತು ದಿನದಿಂದ ಸುಸ್ತು ಎನ್ನುತ್ತಿದ್ದಳು. ಅವತ್ತು ಬೆಳಗ್ಗೆ ಕೆಲಸಕ್ಕೆ ಹೊರಟವಳು ಚಪ್ಪಲಿ ಬಿಚ್ಚಿಟ್ಟು ಮತ್ತೆ ಒಳಗೆ ಬಂದಳು. "ಪುಟ್ಟೀ, ಬೆನ್ನು, ದವಡೆ ಎಲ್ಲ ಹಿಡ್ಕೊಂಡಂಗಿದೆ. ವಾಂತಿ ಬರೋ ಹಂಗೂ ಇದೆ ಕಣೆ" ಎಂದಳು. ಐವತ್ತಮೂರು ವರ್ಷದ ನನ್ನನ್ನು ಪುಟ್ಟಿ ಎನ್ನುತ್ತಿದ್ದವಳು ಅವಳೊಬ್ಬಳೇ. "ರಾತ್ರಿ ಲೇಟಾಗಿ ತಿಂದ್ಯಲ್ಲ, ಗ್ಯಾಸು" ಎಂದೆ. ಮಾತ್ರೆ ಕೊಟ್ಟೆ. ದಿಂಬು ಸರಿಮಾಡಿ ಮಲಗಿಸಿದೆ. "ಎಚ್ಚರ ಆದ್ಮೇಲೆ ಫೋನ್ ಮಾಡು" ಎಂದು ಹೇಳಿ ಹೊರಟೆ. ಅಂಗಡಿಯಲ್ಲಿ ಒಂದು ಶಾಲೆಯ ಆರ್ಡರ್ ಇತ್ತು, ನಲವತ್ತು ಜೊತೆ.

ನಾಲ್ಕೂ ಹತ್ತಕ್ಕೆ ಫೋನ್ ಬಂತು. ಮಾಡಿದ್ದು ಭಾವ.

ಮಾತ್ರೆಯ ವಿಷಯ ನಾನು ಯಾರಿಗೂ ಹೇಳಿಲ್ಲ. ಭಾವನಿಗೂ.

ಭಾವ ಈಗ ಮೊದಲನೇ ಮಹಡಿಯಲ್ಲೂ ನಿಲ್ಲುತ್ತಾರೆ. ಎರಡು ಕಡೆ. ಒಂದೊಂದು ಹೊತ್ತಿನಲ್ಲಿ ದುಃಖ ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎನ್ನುತ್ತಾರೆ, ನಿಜವಿರಬೇಕು. ಊಟದ ನಂತರ ಅವರೂ ಜೇಬಿನಿಂದ ಗ್ಯಾಸಿನ ಮಾತ್ರೆ ತೆಗೆದು ಅಗಿಯುತ್ತಾರೆ. ಮನೆಯಲ್ಲಿ ಯಾರಿಗೂ ತಿಂದದ್ದು ಮೈಗೆ ಹತ್ತುತ್ತಿಲ್ಲ.

ಮಾರ್ಚ್ 15, ಶನಿವಾರ

ಬೆಳಗ್ಗೆಯಿಂದ ಎದೆ ನೋವು. ಎಡಗಡೆ. ಸ್ತನದ ಕೆಳಗಿನಿಂದ ಪಕ್ಕೆಗೆ ಹಾದು ಬೆನ್ನಿನವರೆಗೆ, ಯಾರೋ ಬಿಸಿ ತಂತಿ ಎಳೆದ ಹಾಗೆ. ಕುಪ್ಪಸ ತಾಗಿದರೂ ಉರಿಯುತ್ತದೆ.

ಇದೇ ಇರಬೇಕು. ಅಕ್ಕನಿಗೂ ನನಗೂ ಒಂದೇ ತಾಯಿ, ಒಂದೇ ರಕ್ತ.

ಹೆದರಿಕೆಯಾಗುತ್ತದೋ ಎಂದು ಕಾದು ನೋಡಿದೆ. ಆಗಲಿಲ್ಲ. ಬಂದರೆ ಬರಲಿ. ಹದಿನಾಲ್ಕು ಲೆನ್ಸ್ ಉಜ್ಜಿ ಮನೆಗೆ ಬಂದೆ.

ಮಾರ್ಚ್ 17, ಸೋಮವಾರ

ನೋವು ಹೋಗಿಲ್ಲ. ನಿನ್ನೆ ಭಾನುವಾರ ಇಡೀ ದಿನ ಬಲಮಗ್ಗುಲಲ್ಲಿ ಮಲಗಿದ್ದೆ. ಭಾವ ಬಾಗಿಲ ಹತ್ತಿರ ಬಂದು, "ಮೈ ಸರಿ ಇಲ್ವಾ?" ಎಂದರು. "ಏನಿಲ್ಲ" ಎಂದೆ. "ಟೀ?" ಎಂದರು. "ಬೇಡ" ಎಂದೆ. ಅಷ್ಟೇ ಮಾತು. ಅವರು ಬಾಗಿಲಲ್ಲೇ ಎಡತೋಳು ಉಜ್ಜಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತು ಹೋದರು.

ಸೋಡಾಬುಡ್ಡಿಗೆ ಇವತ್ತು ಗೊತ್ತಾಯಿತು. ಒಬ್ಬರ ಬಲಗಣ್ಣಿನ ಲೆನ್ಸನ್ನು ಎಡಗಡೆಗೆ ಕೂರಿಸಿಬಿಟ್ಟಿದ್ದೆ, ಅದನ್ನು ವಾಪಸ್ ತಂದರು. ನಾನು ಕೈ ಚಾಚಲು ಹೋಗಿ ಪಕ್ಕೆ ಹಿಡಿದುಕೊಂಡೆ.

"ಏನದು?"

"ಎದೆ ನೋವು."

"ವಾಯು ಇರ್ಬೇಕು. ನಮ್ಮನೇಲೂ ಹಿಂಗೇ ಆಗಿತ್ತು. ಭಾರ ಎತ್ತಿದ್ರಾ? ಮಾಂಸಖಂಡ ಹಿಡ್ದಿರ್ಬಹುದು. ಇಲ್ಲಾ ಮನಸ್ಸಿಗೆ ಹಚ್ಕೊಂಡಿದೀರಲ್ಲ, ಅದೇ..." ಎಂದವರು ಅಲ್ಲೇ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನಾನ್ಯಾರು ರೀ ಹೇಳೋಕೆ? ನನಗೆ ಕಣ್ಣಿಂದೇ ನೆಟ್ಟಗೆ ಗೊತ್ತಿಲ್ಲ. ಡಾಕ್ಟರ ಹತ್ರ ಹೋಗಿ."

"ನೋಡೋಣ" ಎಂದೆ.

ಮಾರ್ಚ್ 19, ಬುಧವಾರ

ಇವತ್ತು ಬರೆಯುವುದು ತುಂಬಾ ಇದೆ. 

ಬೆಳಗ್ಗೆ ಯಜಮಾನರು ಚಕ್ರದ ಸ್ವಿಚ್ ಆರಿಸಿ ಅಡ್ಡ ನಿಂತರು. "ಡಾಕ್ಟರ ಚೀಟಿ ತೋರಿಸೋವರ್ಗೂ ಈ ಮೆಷಿನ್ ಮುಟ್ಟೋ ಹಂಗಿಲ್ಲ" ಎಂದರು. ಚಾಡಿ ಹೇಳಿದ್ದು ಯಾರೆಂದು ಕೇಳಬೇಕಿರಲಿಲ್ಲ. ಸೋಡಾಬುಡ್ಡಿ ಆಗಲೇ ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕ್ಲಿನಿಕ್ಕಿನ ತನಕ ಬಂದು, ನನ್ನ ಹೆಸರು ಬರೆಸಿ, ನಾನು ಕೂತದ್ದನ್ನು ಖಾತ್ರಿ ಮಾಡಿಕೊಂಡೇ ಹೋದರು.

ಡಾಕ್ಟರಮ್ಮನಿಗೆ ನನ್ನಷ್ಟೇ ವಯಸ್ಸು. ಅವಸರವಿಲ್ಲದ ಹೆಂಗಸು. ಮೊದಲು ನಾಡಿ, ಬಿ.ಪಿ. ನೋಡಿದರು. ಆಮೇಲೆ ಒಂದೊಂದಾಗಿ ಕೇಳಿದರು.

"ಎಲ್ಲಿ ನೋವು? ಬೆರಳಿಟ್ಟು ತೋರಿಸ್ತೀರೋ, ಅಂಗೈ ಇಟ್ಟು ತೋರಿಸ್ತೀರೋ?"

ನಾನು ಬೆರಳಿನಿಂದ ಗೆರೆ ಎಳೆದು ತೋರಿಸಿದೆ.

"ಭಾರ ಇಟ್ಟ ಹಾಗಾ, ಚುಚ್ಚಿದ ಹಾಗಾ, ಉರೀನಾ?"

"ಉರಿ."

"ಉಸಿರು ಎಳೆದ್ರೆ ಜಾಸ್ತಿ ಆಗುತ್ತಾ? ಕೆಮ್ಮು, ಜ್ವರ? ಊಟ ಆದ್ಮೇಲೆ, ಮಲಗಿದಾಗ ಹುಳಿ ಮೇಲೆ ಬರುತ್ತಾ? ಒತ್ತಿದ್ರೆ ನೋಯುತ್ತಾ? ಬೆವರು? ದವಡೆ, ತೋಳು, ಬೆನ್ನಿಗೆ ಹರಡುತ್ತಾ? ಮೆಟ್ಟಿಲು ಹತ್ತುವಾಗ ಬಂದು, ನಿಂತ್ರೆ ಹೋಗುತ್ತಾ?"

ಬಟ್ಟೆ ತಾಗಿದರೂ ಉರಿ, ಬೆನ್ನಿನವರೆಗೂ ಇದೆ ಎಂದೆ. ಉಳಿದದ್ದಕ್ಕೆಲ್ಲ ಇಲ್ಲ, ಇಲ್ಲ ಎನ್ನುತ್ತಾ ಹೋದೆ. ಇಸಿಜಿ ತೆಗೆಸಿದರು. ತೆಗೆಯಲು ಬಂದ ನರ್ಸ್ ಕುಪ್ಪಸ ಸರಿಸಿದವಳೇ, "ಅಯ್ಯೋ, ಇದೇನು?" ಎಂದಳು. ಪಕ್ಕೆಯ ಉದ್ದಕ್ಕೂ ಕೆಂಪು ಗುಳ್ಳೆಗಳು, ಸಾಲಾಗಿ, ಹಗ್ಗ ಬಿಗಿದ ಗುರುತಿನ ಹಾಗೆ. ನನಗೆ ಗೊತ್ತೇ ಇರಲಿಲ್ಲ. ನಾನು ಕನ್ನಡಿ ನೋಡಿ ಎಷ್ಟು ದಿನವಾಯಿತೋ.

ಡಾಕ್ಟರಮ್ಮ ನೋಡಿ ತಲೆಯಾಡಿಸಿದರು. "ಸರ್ಪಸುತ್ತು. ಚಿಕ್ಕವರಿದ್ದಾಗ ಸಿಡುಬಿನ ಥರ ಗುಳ್ಳೆ ಎದ್ದಿತ್ತಾ? ಅದೇ ವೈರಸ್ಸು ನರದೊಳಗೆ ಮಲಗಿರುತ್ತೆ. ಮೈ ಸೋತಾಗ ಏಳುತ್ತೆ. ಗುಳ್ಳೆ ಬರೋಕೆ ಮೊದಲು ಬರೀ ನೋವೇ ಬರೋದ್ರಿಂದ ಎಷ್ಟೋ ಜನ ಹಾರ್ಟು ಅಂದ್ಕೊಳ್ತಾರೆ. ಬೇಗ ಬಂದಿದೀರಿ, ಮಾತ್ರೆ ಕೆಲ್ಸ ಮಾಡುತ್ತೆ. ಇಸಿಜಿ ಸರಿ ಇದೆ, ನೋವು ಕೊಡ್ತಿರೋದು ಹೃದಯ ಅಲ್ಲ."

ನನಗೆ ನಿರಾಸೆಯಾಯಿತು. ಹೌದು, ನಿರಾಸೆ. ಬರೆದು ನೋಡಿದರೆ ಹೀಗೆ ಕಾಣುತ್ತದೆ.

ಅದು ಮುಖದಲ್ಲಿ ಕಂಡಿತೋ ಏನೋ. ಅವರು ಪೆನ್ನು ಕೆಳಗಿಟ್ಟು, "ಮನೇಲಿ ಏನಾದ್ರೂ ಆಗಿದೆಯಾ?" ಎಂದರು. ಹೇಳಿದೆ. ಅಕ್ಕ, ಬೆನ್ನು, ದವಡೆ, ವಾಂತಿ, ಮಾತ್ರೆ, ದಿಂಬು. ಎಲ್ಲವನ್ನೂ ಲೆನ್ಸಿನ ಅಳತೆ ಓದುವ ಹಾಗೆ ಓದಿದೆ. ಕೊನೆಯಲ್ಲಿ, "ಅವತ್ತೇ ಕರ್ಕೊಂಡು ಬಂದಿದ್ರೆ ಉಳೀತಿದ್ಲಾ?" ಎಂದು ಕೇಳಿದೆ.

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. "ಸುಳ್ಳು ಹೇಳಲ್ಲ. ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು. ಹೆಂಗಸರಿಗೆ ಎಷ್ಟೋ ಸಲ ಎದೆ ಹಿಡ್ಕೊಂಡು ಬೀಳೋ ಥರ ಬರಲ್ಲ, ನಿಮ್ಮಕ್ಕನಿಗೆ ಬಂದ ಹಾಗೇ ಬರುತ್ತೆ. ಅದು ಎಲ್ಲರಿಗೂ ಗೊತ್ತಿರಲ್ಲ. ನಿಮಗೆ ಗೊತ್ತಿತ್ತಾ?"

"ಇಲ್ಲ."

"ಈಗ ಗೊತ್ತಾಯ್ತು. ಎದೆ ಮೇಲೆ ಕಲ್ಲಿಟ್ಟ ಹಾಗೆ ಒತ್ತಿ ಕೆಲವು ನಿಮಿಷದಲ್ಲಿ ಹೋಗದಿದ್ರೆ, ಬೆವರು, ಉಸಿರುಕಟ್ಟು, ತೋಳಿಗೋ ದವಡೆಗೋ ಹರಡೋದು, ಇಂಥದ್ರಲ್ಲಿ ಗ್ಯಾಸೋ ಅಲ್ವೋ ಅಂತ ಮನೇಲಿ ಕೂತು ತೀರ್ಮಾನ ಮಾಡಬಾರದು. ಆಂಬುಲೆನ್ಸ್ ಕರೀಬೇಕು. ನಡೆದಾಗ ಬಂದು ನಿಂತಾಗ ಹೋಗೋದಾದ್ರೆ, ಅದು ಹೃದಯ ಮೊದಲೇ ಕಳಿಸೋ ನೋಟೀಸು. ನೋಟೀಸು ಬಂದಾಗಲೇ ಬಂದ್ರೆ ನಮ್ಮ ಕೈಲಿ ಏನಾದ್ರೂ ಮಾಡೋಕಾಗುತ್ತೆ."

ಚೀಟಿ ತೆಗೆದುಕೊಂಡು ಬಂದೆ. ಮಾತ್ರೆ ನುಂಗಿ ಮಲಗಿದೆ.

ಏಳು ಗಂಟೆಗೆ ಮೆಟ್ಟಿಲ ಮೇಲೆ ಭಾವನ ಹೆಜ್ಜೆ ಕೇಳಿಸಿತು. ಮೊದಲನೇ ಮಹಡಿ. ನಿಂತಿತು. ಮತ್ತೆ ಹತ್ತಿತು. ಎರಡನೇ ಮಹಡಿ. ನಿಂತಿತು.

ಮಲಗಿದ್ದವಳು ಎದ್ದು ಕೂತೆ.  ಬಾಗಿಲು ತೆಗೆದು ಬರಿಗಾಲಲ್ಲಿ ಇಳಿದೆ. ಭಾವ ಎರಡನೇ ಮಹಡಿಯ ಕಂಬಿ ಹಿಡಿದು ನಿಂತಿದ್ದರು. ಅಳುತ್ತಿರಲಿಲ್ಲ. ಬಲಗೈ ಮುಷ್ಟಿ ಮಾಡಿ ಎದೆಯ ನಡುವೆ ಒತ್ತಿಕೊಂಡಿದ್ದರು.

"ಎಷ್ಟು ದಿನದಿಂದ ಇದು?"

"ಯಾವ್ದು?" ಕೈ ಥಟ್ಟನೆ ಕೆಳಗಿಳಿಯಿತು. "ಮೊಣಕಾಲು ಕಣಮ್ಮ. ಸ್ವಲ್ಪ ನಿಂತೆ."

"ಮೊಣಕಾಲು ಎದೇಲಿರುತ್ತಾ ಭಾವ?"

ಅವರು ಮನೆಯೊಳಗೆ ಬಂದು ಕೂತ ಮೇಲೆ ಬಾಯಿಬಿಟ್ಟರು. ಒಂದೂವರೆ ತಿಂಗಳಾಗಿದೆ. ಮೊದಲು ಮೂರನೇ ಮಹಡಿಗೆ ಬಂದಾಗ ಹಿಡಿಯುತ್ತಿತ್ತು, ಈಗ ಹತ್ತು ಮೆಟ್ಟಿಲಿಗೇ ಹಿಡಿಯುತ್ತದೆ, ಇವತ್ತು ಸುಮ್ಮನೆ ಕೂತಾಗಲೂ ಒಂದು ಸಲ ಬಂದಿತ್ತಂತೆ. ಡಿಪೋದಲ್ಲಿ ಗೊತ್ತಾದರೆ ಸ್ಟೀರಿಂಗ್ ಮುಟ್ಟಲು ಬಿಡುವುದಿಲ್ಲ. ಮೂವತ್ತನಾಲ್ಕು ವರ್ಷ ಒಂದೂ ಅಪಘಾತವಿಲ್ಲ. ರಿಟೈರಾಗಲು ಇನ್ನು ಮೂರು ತಿಂಗಳು. "ಜೂನಾಗ್ಲಿ, ತೋರಿಸ್ಕೊಳ್ತೀನಿ. ಜೂನ್ ತನಕ ಬಿಡು."

"ಈಗಲೇ ಹೋಗೋಣ, ನಡೀರಿ."

"ಈಗ ನೋವಿಲ್ಲ. ನಾಳೆ ರಜೆ ಹಾಕ್ತೀನಿ, ಬೆಳಗ್ಗೆ ಹೋಗೋಣ. ಆಣೆ."

ನಂಬಿದೆ. ಮಾತ್ರೆಯ ಮಂಪರಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ನಂಬುವುದು ಸುಲಭವಾಗಿತ್ತು.

ಮಾರ್ಚ್ 20, ಗುರುವಾರ

ಆರೂವರೆಗೆ ಎದ್ದಾಗ ಭಾವ ಇರಲಿಲ್ಲ. ಬೂಟು ಇರಲಿಲ್ಲ. ಫೋನ್ ಮಾಡಿದರೆ ಅಡುಗೆಮನೆಯ ಕಟ್ಟೆಯ ಮೇಲೇ ರಿಂಗಾಯಿತು. ಬೇಕೆಂದೇ ಬಿಟ್ಟುಹೋಗಿದ್ದರು.

ಅವರ ಬಸ್ಸು ಏಳೂ ನಲವತ್ತಕ್ಕೆ ನಮ್ಮ ಬೀದಿಯ ತುದಿಯ ನಿಲ್ದಾಣಕ್ಕೆ ಬರುತ್ತದೆ. ಹದಿನಾಲ್ಕು ವರ್ಷದಲ್ಲಿ ನಾನು ಅದನ್ನು ಹತ್ತಿದ್ದು ನಾಲ್ಕೋ ಐದೋ ಸಲ. ಪಕ್ಕೆ ಉರಿಯುತ್ತಿತ್ತು, ಸಡಿಲವಾದ ಅಂಗಿಯ ಮೇಲೆ ಶಾಲು ಹೊದ್ದು ನಿಂತೆ. ಬಸ್ಸು ಎಂಟು ನಿಮಿಷ ತಡವಾಗಿ ಬಂತು. ಭಾವ ಎಂದೂ ತಡ ಮಾಡುವವರಲ್ಲ.

ಮುಂದಿನ ಬಾಗಿಲಲ್ಲಿ ಹತ್ತಿ ಅವರ ಸೀಟಿನ ಹಿಂದಿನ ಕಂಬಿ ಹಿಡಿದೆ. ನೋಡಿದರು, ಮುಖ ತಿರುಗಿಸಿದರು. "ಇಲ್ಲಿ ನಿಲ್ಲೋ ಹಂಗಿಲ್ಲ. ಹಿಂದೆ ಹೋಗು."

"ಆಣೆ ಹಾಕಿದ್ರಲ್ಲ?"

"ಮನೇಲಿ ಮಾತಾಡೋಣ."

ಬೆಳಗಿನ ತಂಪಿನಲ್ಲಿ ಅವರ ಕತ್ತಿನ ಹಿಂಭಾಗ ನೀರು ಸುರಿದ ಹಾಗೆ ಒದ್ದೆಯಾಗಿತ್ತು. ಗೇರ್ ಬದಲಿಸುವ ಕೈ ಒಮ್ಮೆ ಗೇರು ಬಿಟ್ಟು ಎದೆಗೆ ಹೋಗಿ ಬಂತು. ನನ್ನ ಧ್ವನಿ ಏರಲಿಲ್ಲ, ಈಗ ನೆನಪಿಸಿಕೊಂಡರೆ ನನಗೇ ಆಶ್ಚರ್ಯ.

"ಭಾವ, ಅಕ್ಕನಿಗೆ ನಾನು ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸಿ ಅಂಗಡಿಗೆ ಹೋದೆ. ಬೆನ್ನು ನೋವು, ದವಡೆ ನೋವು ಅಂದ್ಲು. ನಾನು ಗ್ಯಾಸು ಅಂದೆ. ನಿಮ್ಮನ್ನೂ ಹಾಗೇ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ. ಹಿಂದೆ ಐವತ್ತು ಜನ ಇದಾರೆ. ಶಾಲೆ ಮಕ್ಕಳಿದಾರೆ. ನಿಲ್ಸಿ."

ಅವರು ಕನ್ನಡಿಯಲ್ಲಿ ಹಿಂದೆ ನೋಡಿದರು. ಒಂದು ಸಿಗ್ನಲ್ ದಾಟಿದರು. ಆಮೇಲೆ ಎಡಕ್ಕೆ ತೆಗೆದುಕೊಂಡು, ಮುಂದಿನ ನಿಲ್ದಾಣದಲ್ಲಿ ಗೆರೆಗೆ ಸರಿಯಾಗಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದರು. ನಾಲ್ಕೂ ದೀಪ ಮಿನುಗಿಸಿದರು. ಎಂಜಿನ್ ಆರಿಸಿ ಬೀಗದ ಕೈಯನ್ನು ಕಂಡಕ್ಟರಿಗೆ ಕೊಟ್ಟು, "ಇನ್ನೊಂದು ಗಾಡಿ ಕಳಿಸೋಕೆ ಹೇಳಪ್ಪ. ನನಗೆ ಆಗ್ತಿಲ್ಲ" ಎಂದರು. ನನಗೆ ಆಗ್ತಿಲ್ಲ ಎಂದು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ಇಳಿಯಲು ಎದ್ದವರನ್ನು ನಾನೇ ಹಿಡಿದು ಕೂರಿಸಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಹಿಂದಿನಿಂದ ಯಾರೋ, "ಏನ್ರೀ ಇದು, ಆಫೀಸಿಗೆ ಲೇಟಾಗುತ್ತೆ" ಎಂದು ಕೂಗಿದರು. ಒಬ್ಬ ಹೆಂಗಸು ತಿರುಗಿ ಅವರಿಗೆ ಸರಿಯಾಗಿ ಬೈದಳು. ಇನ್ನೊಬ್ಬರು ಭಾವನ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಭಾವ ಮಾತ್ರ, "ಯಾರೂ ರಸ್ತೆ ಕಡೆ ಇಳೀಬೇಡಿ, ಫುಟ್‌ಪಾತ್ ಕಡೆ ಇಳೀರಿ" ಎನ್ನುತ್ತಲೇ ಇದ್ದರು.

ಹನ್ನೆರಡು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಅವರನ್ನು ಎತ್ತಿ ಮಲಗಿಸುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಆಸ್ಪತ್ರೆಯ ತನಕ ಬಿಡಲಿಲ್ಲ. ಬೆರಳಿನ ಗುರುತು ಈಗಲೂ ಇದೆ.

ಮಾರ್ಚ್ 21, ಶುಕ್ರವಾರ

ಎರಡು ರಕ್ತನಾಳ ಕಿರಿದಾಗಿದ್ದವು, ಒಂದು ಪೂರ್ತಿ ಮುಚ್ಚುವುದರಲ್ಲಿತ್ತು. ನಿನ್ನೆಯೇ ಸ್ಟೆಂಟ್ ಹಾಕಿದರು. ಅಪಾಯ ಕಳೆದಿದೆ ಎಂದರು.

ಸರ್ಪಸುತ್ತಿನ ಗುಳ್ಳೆಗೆ ಬಟ್ಟೆ ಮುಚ್ಚಿ, ದೂರದಲ್ಲಿ ಕೂರಬೇಕೆಂದು ನರ್ಸ್ ನನಗೆ ಬೇರೆ ಕುರ್ಚಿ ಹಾಕಿಸಿದಳು. "ಪೇಷಂಟ್ ಜೊತೆ ಬಂದೋರೂ ಪೇಷಂಟೇ, ಚೆನ್ನಾಗಿದೆ" ಎಂದಳು. ಸೋಡಾಬುಡ್ಡಿ ಬಂದು ಎರಡು ಗಂಟೆ ಕೂತು, ನನ್ನನ್ನು ಕೆಳಗೆ ಊಟಕ್ಕೆ ಕಳಿಸಿದರು. ಕ್ಯಾಂಟೀನಿನ ಊಟಕ್ಕೆ ಉಪ್ಪೇ ಇರಲಿಲ್ಲ. ಕೇಳಿ ಹಾಕಿಸಿಕೊಂಡೆ. ಎರಡು ಸಲ ಬಡಿಸಿಕೊಂಡೆ.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ" ಎಂದರು ಸೋಡಾಬುಡ್ಡಿ.

"ಸಾವಿರ ಬೇಡ, ಅಷ್ಟು ದಿನ ಇವರಿಗೆ ಯಾರು ಟೀ ಮಾಡಿ ಕೊಡೋದು?" ಎಂದೆ.

ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಯಾಕೋ ಗೊತ್ತಿಲ್ಲ.

ಮಾರ್ಚ್ 25, ಮಂಗಳವಾರ

ಭಾವನನ್ನು ಮನೆಗೆ ಕರೆತಂದೆವು. ಕೆಳಗಿನ ಮನೆಯವರು ಒಂದು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿ ತಂದರು. ಭಾವನಿಗೆ ನಾಚಿಕೆಯೋ ನಾಚಿಕೆ. "ಮದುವೇಲೂ ನನ್ನ ಹಿಂಗೆ ಯಾರೂ ಎತ್ತಿರ್ಲಿಲ್ಲ" ಎಂದರು.

ಎಲ್ಲರೂ ಹೋದ ಮೇಲೆ ನಾನು ಅವರ ಮಾತ್ರೆಗಳನ್ನು ಬೆಳಗ್ಗೆಯದು, ಸಂಜೆಯದು ಎಂದು ಬೇರೆ ಮಾಡುತ್ತಾ ಕೂತಿದ್ದೆ.

"ನನಗೆ ಗೊತ್ತಿತ್ತು" ಎಂದರು.

"ಏನು?"

"ಮಾತ್ರೆ ವಿಷ್ಯ. ದಿಂಬಿನ ಪಕ್ಕ ಸ್ಟ್ರಿಪ್ ಬಿದ್ದಿತ್ತು. ನಾನೇ ಎತ್ತಿ ಜೇಬಿಗೆ ಹಾಕ್ಕೊಂಡೆ. ನೀನು ಬಂದಾಗ ಅದು ನಿನ್ನ ಕಣ್ಣಿಗೆ ಬೀಳಬಾರದು ಅಂತ."

ನನ್ನ ಕೈ ನಿಂತಿತು. ಎರಡು ತಿಂಗಳು ನಾನು ಅವರಿಂದ ಮುಚ್ಚಿಟ್ಟದ್ದನ್ನು ಅವರು ನನ್ನಿಂದ ಮುಚ್ಚಿಟ್ಟಿದ್ದರು.

"ನಂದೂ ಒಂದಿದೆ, ಕೇಳು" ಎಂದರು. ಕಣ್ಣು ಗೋಡೆಯ ಮೇಲಿತ್ತು. "ನಾನು ಬಂದದ್ದು ಮೂರು ಗಂಟೆಗೆ. ನಾಲ್ಕಕ್ಕಲ್ಲ. ಮಲಗಿದ್ಲು, ಮುಖ ಗೋಡೆ ಕಡೆ. ದಿನಾ ಹೊರಗೆ ದುಡೀತಾಳೆ, ಒಂದು ದಿನ ಮಲಗಲಿ ಅಂತ ಎಬ್ಬಿಸ್ಲಿಲ್ಲ. ನಾನೇ ಟೀ ಮಾಡ್ಕೊಂಡೆ, ಸದ್ದಾಗದ ಹಂಗೆ. ಮಂಚದ ಪಕ್ಕ ಕೂತು ಪೇಪರ್ ಓದಿದೆ. ಒಂದು ಗಂಟೆ. ಹೊರಡೋ ಮುಂಚೆ ಹೋಗ್ಬರ್ತೀನಿ ಅಂತ ಭುಜ ಮುಟ್ಟಿದೆ..."

ನಾನು ಮಾತ್ರೆಗಳನ್ನು ಪಕ್ಕಕ್ಕೆ ಸರಿಸಿದೆ.

"ನಾನು ಬಂದಾಗ ಉಸಿರಿತ್ತೋ ಇಲ್ವೋ, ಗೊತ್ತಿಲ್ಲಮ್ಮ. ಆಸ್ಪತ್ರೆಯವರನ್ನ ಕೇಳೋಕೆ ಧೈರ್ಯ ಬರ್ಲಿಲ್ಲ. ಆಮೇಲೆ ನನಗೂ ಎದೆ ಹಿಡಿಯೋಕೆ ಶುರುವಾಯ್ತಲ್ಲ, ಆಗ ಅಂದ್ಕೊಂಡೆ, ಬರಲಿ, ಅವಳಿಗೆ ಬಂದದ್ದು ನನಗೂ ಬರಲಿ ಅಂತ. ಜೂನು ಗೀನು ಎಲ್ಲ ಆಮೇಲೆ ಹೊಳೆದ ನೆಪ."

 ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ. "ಉಳೀಬಹುದಿತ್ತಂತೆ. ಉಳೀದೇನೂ ಇರಬಹುದಿತ್ತಂತೆ."

"ಅಷ್ಟೇನಾ?"

"ಅಷ್ಟೇ. ಸುಳ್ಳು ಹೇಳಲ್ಲ ಅಂದ್ರು."

ಭಾವ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ನಂತರ, "ಟೀ ಕೊಡ್ತೀಯಾ?" ಎಂದರು. ಮಾಡಿದೆ. ಸಕ್ಕರೆ ಕಡಿಮೆ ಹಾಕಿದ್ದಕ್ಕೆ ಗೊಣಗಿದರು. ಗೊಣಗಿಕೊಳ್ಳಿ ಎಂದೆ.

ಏಪ್ರಿಲ್ 6, ಭಾನುವಾರ

ಹನ್ನೆರಡು ದಿನ ಬರೆದೇ ಇಲ್ಲ. ಪುಸ್ತಕ ಮಾತ್ರೆ ಡಬ್ಬದ ಕೆಳಗೆ ಸಿಕ್ಕಿಕೊಂಡಿತ್ತು.

ಗುಳ್ಳೆ ಒಣಗಿ ಹಕ್ಕಳೆ ಉದುರಿದೆ. ಉರಿ ಒಮ್ಮೊಮ್ಮೆ ಈಗಲೂ ಬರುತ್ತದೆ, ಇನ್ನೂ ಕೆಲವು ವಾರ ಇರಬಹುದಂತೆ. ಭಾವನಿಗೆ ಡಿಪೋದವರು ಜೂನ್ ತನಕ ವಿಚಾರಣೆ ಕಿಟಕಿಯ ಕೆಲಸ ಕೊಡುತ್ತಾರೆ, ಮುಂದಿನ ವಾರದಿಂದ. "ಕೂತಲ್ಲೇ ಕೂತು ಊರಿಗೆಲ್ಲ ದಾರಿ ಹೇಳೋ ಕೆಲ್ಸ" ಎಂದು ಮುಖ ಸಿಂಡರಿಸಿದರು.

ದಿನಾ ಅರ್ಧ ಗಂಟೆ ನಿಧಾನವಾಗಿ ನಡೆಯಬೇಕೆಂದು ಹೇಳಿದ್ದಾರೆ. ಒಬ್ಬರೇ ಹೋದರೆ ಜೋರಾಗಿ ನಡೆಯುತ್ತಾರೆ, ಅದಕ್ಕೆ ನಾನೂ ಹೋಗುತ್ತೇನೆ. ಅವರ ಜೊತೆ ನಡೆಯುವುದೊಂದು ತಮಾಷೆ. ಬಸ್ ನಿಲ್ದಾಣ ಬಂದ ಕೂಡಲೇ ಕಾಲು ತಾನಾಗಿ ನಿಧಾನವಾಗುತ್ತದೆ. "ಯಾರೂ ಇಳಿಯೋರಿಲ್ಲ, ರೈಟ್ ರೈಟ್" ಎಂದು ನಾನು ಹಿಂದಿನಿಂದ ಕೂಗಬೇಕು.

ಇವತ್ತು ಬೆಳಗ್ಗೆ ದೊಡ್ಡ ರಸ್ತೆಯ ನಿಲ್ದಾಣದ ಹತ್ತಿರ ಹೋಗುತ್ತಿದ್ದಾಗ ಒಂದು ಬಸ್ಸು ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಭಾವನನ್ನು ಹೆಸರು ಹಿಡಿದು ಕೂಗಿದ. ಬೇರೆ ಡಿಪೋದವನಂತೆ, ಹಳೆಯ ಜೊತೆಗಾರ, ವರ್ಷದ ಮೇಲಾಯಿತಂತೆ ನೋಡಿ.

"ಏನಣ್ಣಾ, ವಾಕಿಂಗಾ? ರಿಟೈರ್ ಆಗೋಕೆ ಮುಂಚೆನೇ ಸಾಹೇಬ್ರು ಆಗ್ಬಿಟ್ರಿ! ಅತ್ತಿಗೆ ಹೇಗಿದಾರೆ?"

ಭಾವ ಬಸ್ಸಿನ ಪಕ್ಕಕ್ಕೆ ಕೈ ಊರಿ ನಿಂತರು. "ಅವಳು ಹೋಗ್ಬಿಟ್ಲು ಕಣಪ್ಪ" ಎಂದರು. "ಜನವರೀಲಿ."

ಆತನ ಮುಖದ ನಗು ಹಾಗೇ ನಿಂತುಹೋಯಿತು. ಹಿಂದಿನ ಗಾಡಿಯವರು ಹಾರ್ನ್ ಮಾಡಿದರು. ಆತ ಭಾವನ ಕೈಯನ್ನು ಕಿಟಕಿಯಿಂದಲೇ ಒಂದು ಸಲ ಒತ್ತಿ ಹಿಡಿದು, ಬಸ್ಸು ತೆಗೆದ.

ನಾನು ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟಿದ್ದೆ. ಕೂತದ್ದು ಗೊತ್ತಾಗಲಿಲ್ಲ. ಉಸಿರು ಮೇಲೆ ಬರುತ್ತಿರಲಿಲ್ಲ. ಎರಡೂ ಕೈ ಎದೆಯ ಮೇಲಿದ್ದವು. ಭಾವ ತಿರುಗಿ ನೋಡಿ ಓಡಿ ಬಂದರು, ಓಡಬಾರದೆಂದು ಡಾಕ್ಟರು ಅಷ್ಟು ಹೇಳಿದ್ದರೂ.

"ಏನಾಯ್ತು? ಎದೆನಾ? ಫೋನ್ ಎಲ್ಲಿ, ಫೋನ್ ಕೊ..."

"ಅಲ್ಲ" ಎಂದೆ. "ಅಲ್ಲ ಭಾವ. ಅಳು."

ಆಮೇಲೆ ಮಾತಾಡಲು ಆಗಲಿಲ್ಲ. ಸದ್ದು ಮಾಡಿ ಅತ್ತೆ, ಬೀದಿ ಎಂದೂ ನೋಡದೆ. ಭಾವ ಪಕ್ಕದಲ್ಲಿ ಕೂತರು. ಸುಮ್ಮನಿರು ಎಂದು ಹೇಳಲಿಲ್ಲ. ಎರಡು ಬಸ್ಸು ಬಂದು ನಿಂತು ಬಾಗಿಲು ತೆರೆದವು. ಅವರು ಎರಡಕ್ಕೂ ಕೈ ಬೀಸಿ ಮುಂದೆ ಕಳಿಸಿದರು.